ನಾಲ್ಕು ಜನರ ಗೇಮ್‌ಗೆ ಸ್ವಂತ ಎಂಜಿನ್ ಬೇಕಾ?

ಪ್ರಶ್ನೆ: ನಾವು ಸಾಗರದ ಕಡೆಯ ನಾಲ್ಕು ಜನ ಗೆಳೆಯರು. ಓದು ಮುಗಿಸಿ ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದೇವೆ. ಶನಿವಾರ, ಭಾನುವಾರ ಕೂತು ಒಂದು ಗೇಮ್ ಮಾಡಬೇಕು ಅಂತ ಹೊರಟಿದ್ದೇವೆ. ಮಲೆನಾಡಿನ ಅಡಿಕೆ ತೋಟ, ಜೋರು ಮಳೆಗಾಲ. ಆಟಗಾರ ಮಣ್ಣು ಕಡಿದು, ಒಡ್ಡು ಹಾಕಿ, ಬಸಿಗಾಲುವೆಯಲ್ಲಿ ನೀರು ತಿರುಗಿಸಿ ತೋಟ ಉಳಿಸಿಕೊಳ್ಳಬೇಕು. ನಮ್ಮಲ್ಲೊಬ್ಬ "ನಮ್ಮದೇ ಎಂಜಿನ್ ಬರೆಯೋಣ, ದೊಡ್ಡ ಸ್ಟುಡಿಯೋಗಳೆಲ್ಲ ಹಾಗೇ ಮಾಡೋದು" ಅಂತಾನೆ. ಇನ್ನೊಬ್ಬಳು "ಸೈಬರ್‌ಪಂಕ್ ಗೇಮ್ ಮಾಡಿದವರೇ ತಮ್ಮ ಎಂಜಿನ್ ಬಿಟ್ಟು ಅನ್‌ರಿಯಲ್ ಅನ್ನುವ ತಯಾರು ಎಂಜಿನ್‌ಗೆ ಹೋದರು, ನಮಗ್ಯಾಕೆ ಬೇಕು" ಅಂತಾಳೆ. ಯಾರ ಮಾತು ಸರಿ? ದೊಡ್ಡವರು ಸ್ವಂತ ಎಂಜಿನ್ ಯಾಕೆ ಮಾಡಿಕೊಳ್ಳುತ್ತಾರೆ, ಯಾಕೆ ಬಿಡುತ್ತಾರೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಹಿಡಿಸಿದ್ದು ಆ ನೀರು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ನಿಮಗೆ ಬೇಕಾದ ಉತ್ತರ ಇರುವುದು ಅಲ್ಲೇ. ಅದಕ್ಕೂ ಮುಂಚೆ ನಿಮ್ಮ ಇಬ್ಬರು ಗೆಳೆಯರ ಮಾತನ್ನು ಬಿಡಿಸಿ ನೋಡೋಣ. ಇಬ್ಬರ ಹತ್ತಿರವೂ ಅರ್ಧರ್ಧ ಸತ್ಯ ಇದೆ.

ಎಂಜಿನ್ ಅಂದರೆ ಗೇಮ್ ಕಟ್ಟಲು, ಓಡಿಸಲು ಅದರ ಕೆಳಗೆ ಇರುವ ಸಾಫ್ಟ್‌ವೇರ್. ಆ ಹೆಸರು ಕೇಳಿದ ತಕ್ಷಣ ಹೆಚ್ಚಿನವರ ತಲೆಗೆ ಬರುವುದು ಪರದೆ ಮೇಲೆ ಚಿತ್ರ ಬರೆಯುವ ಭಾಗ. ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.6 ಮಿಲಿಸೆಕೆಂಡ್. ಅಷ್ಟರೊಳಗೆ ಆಟಗಾರ ಒತ್ತಿದ ಬಟನ್ ಓದಬೇಕು, ವಸ್ತುಗಳ ಚಲನೆ ಲೆಕ್ಕ ಹಾಕಬೇಕು, ಪಾತ್ರಗಳನ್ನು ನಡೆಸಬೇಕು, ಬೆಳಕು ನೆರಳು ಬರೆಯಬೇಕು, ಶಬ್ದ ಬೆರೆಸಬೇಕು. ಇದೇನೂ ಸುಲಭ ಅಲ್ಲ. ಆದರೂ ಛಲ ಇರುವ ಪ್ರೋಗ್ರಾಮರ್ ಕೆಲವು ತಿಂಗಳಲ್ಲಿ ಇದರ ಒಂದು ಚಿಕ್ಕ ರೂಪ ಬರೆದು ನಿಲ್ಲಿಸುತ್ತಾನೆ. ನಿಮ್ಮ ಗೆಳೆಯ ಬಹುಶಃ ನೋಡುತ್ತಿರುವುದು ಇಷ್ಟನ್ನೇ.

ಆಟಗಾರನ ಕಣ್ಣಿಗೆ ಬೀಳದ ಭಾಗ ಇದಕ್ಕಿಂತ ದೊಡ್ಡದು. ಲೆವೆಲ್ ಕಟ್ಟುವ ಎಡಿಟರ್ ಬೇಕು. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಮರವನ್ನು ಗೇಮ್ ಒಳಗೆ ತರುವ ದಾರಿ ಬೇಕು. ಡಿಸೈನರ್ ಒಂದು ಸಂಖ್ಯೆ ಬದಲಿಸಿದರೆ ಗೇಮ್ ನಿಲ್ಲಿಸದೆ ಅದು ಕಾಣಬೇಕು. ಬಿಲ್ಡ್, ಅಂದರೆ ಕೋಡ್‌ನಿಂದ ಗೇಮ್ ತಯಾರಾಗುವ ಹಂತ, ಮುರಿದರೆ ಯಾಕೆ ಅಂತ ಹೇಳುವ ವ್ಯವಸ್ಥೆ ಬೇಕು. ಹೊಸ ಫೋನ್, ಹೊಸ ಕನ್ಸೋಲ್, ಹೊಸ ಗ್ರಾಫಿಕ್ಸ್ ಡ್ರೈವರ್ ಬಂದಾಗಲೆಲ್ಲ ಯಾರಾದರೂ ಕೂತು ಸರಿಮಾಡಬೇಕು. ಬಾವಿ ತೋಡುವುದು ಒಂದು ಸಲದ ಕೆಲಸ, ಹೂಳು ತೆಗೆಯುವುದು ವರ್ಷವರ್ಷದ ಕೆಲಸ. ತೋಟದ ಮನೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಗುಂಡಿ ಫೋನ್‌ಗಳ ಕಾಲದಲ್ಲಿ ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಜಾವಾ ಗೇಮ್ ಮಾಡುತ್ತಿದ್ದೆವು. ನಮ್ಮದೇ ಪುಟ್ಟ ಎಂಜಿನ್, ನಮ್ಮದೇ ಲೆವೆಲ್ ಎಡಿಟರ್. ಎಡಿಟರ್ ಬರೆದವನು ಬಹಳ ಜಾಣ. ಒಬ್ಬನೇ ಬರೆದ, ಯಾರಿಗೂ ಹೇಳಿಕೊಡಲಿಲ್ಲ. ಹೇಳಿಕೊಡಲು ಅವನಿಗೆ ಬಿಡುವನ್ನೇ ಯಾರೂ ಕೊಡಲಿಲ್ಲ ಅನ್ನುವುದು ಹೆಚ್ಚು ಸರಿ. ಅವನು ಕೆಲಸ ಬಿಟ್ಟ ಮೇಲೆ ನಾವು ಲೆವೆಲ್ ಫೈಲಿಗೆ ಒಂದೇ ಒಂದು ಹೊಸ ಮಾಹಿತಿ ಸೇರಿಸಿದೆವು. ಶತ್ರು ಯಾವ ದಿಕ್ಕಿಗೆ ನೋಡುತ್ತಿದ್ದಾನೆ ಅನ್ನುವುದು, ಅಷ್ಟೇ. ಮರುದಿನ ಬೆಳಗ್ಗೆ ಹಳೆಯ 40 ಲೆವೆಲ್‌ಗಳಲ್ಲಿ ಒಂದೂ ತೆರೆಯಲಿಲ್ಲ. ಫೈಲಿನ ತಲೆಯಲ್ಲಿ ಇದು ಎಷ್ಟನೇ ಆವೃತ್ತಿ ಅಂತ ಹೇಳುವ ಸಂಖ್ಯೆಯೇ ಇರಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಅಂತ ಕೋಡ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಮೂರು ವಾರ ಹಿಡಿಯಿತು. ಲೆವೆಲ್ ಕಟ್ಟುತ್ತಿದ್ದ ಹುಡುಗಿ ಆ ಮೂರು ವಾರವೂ ಬಂದು ಸುಮ್ನೆ ಕೂತು ಹೋಗುತ್ತಿದ್ದಳು. ಅವಳ ಮುಖ ನನಗೆ ಇವತ್ತಿಗೂ ನೆನಪಿದೆ. ಎಂಜಿನ್ ಕೆಟ್ಟರೆ ನೋವು ತಿನ್ನುವುದು ಹೆಚ್ಚಾಗಿ ಎಂಜಿನ್ ಬರೆದವರಲ್ಲ, ಅದರ ಮೇಲೆ ದಿನವಿಡೀ ಕೆಲಸ ಮಾಡುವವರು.

ಈಗ ಸೈಬರ್‌ಪಂಕ್‌ನವರ ಕಥೆಗೆ ಬರೋಣ. ಪೋಲೆಂಡಿನ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್ ಮೊದಲಿನಿಂದ ಸ್ವಂತ ಎಂಜಿನ್‌ನವರೇನಲ್ಲ. 2007ರ ಮೊದಲ ವಿಚರ್ ಗೇಮ್ ಅನ್ನು ಅವರು ಕಟ್ಟಿದ್ದು ಕೆನಡಾದ ಬಯೋವೇರ್‌ನವರ ಅರೋರಾ ಎಂಜಿನ್ ಮೇಲೆ. ಅದನ್ನು ಎಷ್ಟು ಬಿಚ್ಚಿ ಜೋಡಿಸಿದರೆಂದರೆ, ಚಿತ್ರ ಬರೆಯುವ ಭಾಗವನ್ನೇ ಹೊಸದಾಗಿ ಬರೆದರು. ಇಷ್ಟೆಲ್ಲ ಮಾಡುವುದಾದರೆ ನಮ್ಮದೇ ಮಾಡಿಕೊಳ್ಳೋಣ ಅನ್ನುವ ಯೋಚನೆ ಸಹಜವಾಗಿ ಬಂತು. 2011ರಲ್ಲಿ ವಿಚರ್ 2 ಬಂದಾಗ ಅದರ ಕೆಳಗೆ ರೆಡ್‌ಎಂಜಿನ್ ಇತ್ತು. ಆಟಗಾರ ಇಲ್ಲೊಂದು ತೀರ್ಮಾನ ತೆಗೆದುಕೊಂಡರೆ ಹತ್ತು ಗಂಟೆ ನಂತರ ಇನ್ನೆಲ್ಲೋ ಅದರ ಫಲ ಕಾಣಬೇಕು. ಅಂಥ ಕವಲೊಡೆಯುವ ಕಥೆಗೆ ಹೊಂದುವ ಹಾಗೆ ಕ್ವೆಸ್ಟ್‌ಗಳನ್ನು, ಅಂದರೆ ಆಟಗಾರ ಮಾಡಿ ಮುಗಿಸಬೇಕಾದ ಕೆಲಸಗಳನ್ನು, ಕಟ್ಟುವ ಟೂಲ್‌ಗಳು ಅವರಿಗೆ ಬೇಕಿದ್ದವು, ಅದನ್ನೇ ಮಾಡಿಕೊಂಡರು.

2015ರ ವಿಚರ್ 3ರಲ್ಲಿ ಈ ಜಾಣತನ ಎದ್ದು ಕಾಣುತ್ತದೆ. ಆ ಗೇಮ್‌ನಲ್ಲಿ ಪಾತ್ರಗಳು ಗಂಟೆಗಟ್ಟಲೆ ಮಾತಾಡುತ್ತವೆ. ಪ್ರತಿ ಮಾತಿಗೂ ಕ್ಯಾಮೆರಾ ಎಲ್ಲಿರಬೇಕು, ಯಾರು ಯಾರ ಕಡೆ ನೋಡಬೇಕು, ಕೈ ಹೇಗೆ ಆಡಿಸಬೇಕು ಅಂತ ಕೈಯಾರೆ ಕೂರಿಸುತ್ತಾ ಹೋದರೆ ಮುಗಿಯುವ ಕೆಲಸವೇ ಅಲ್ಲ. ಅದಕ್ಕೆ ಅವರು ಎಂಜಿನ್ ಒಳಗೇ ಒಂದು ಟೂಲ್ ಬರೆದರು. ಬರೆದ ಸಂಭಾಷಣೆ ಕೊಟ್ಟರೆ ಅದು ಕ್ಯಾಮೆರಾ, ನೋಟ, ಕೈಸನ್ನೆ ಎಲ್ಲ ಸೇರಿಸಿ ದೃಶ್ಯದ ಮೊದಲ ಕರಡು ತಯಾರಿಸುತ್ತದೆ. ಆಮೇಲೆ ಡಿಸೈನರ್ ಕೂತು ತಿದ್ದುತ್ತಾರೆ. 2016ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅವರು ಇದನ್ನು ತೋರಿಸಿದ್ದಾರೆ, ಹುಡುಕಿ ನೋಡಿ. ನನ್ನ ಮಟ್ಟಿಗೆ ಸ್ವಂತ ಎಂಜಿನ್ ಯಾಕೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಹುಲ್ಲು ಚೆನ್ನಾಗಿ ಕಾಣಬೇಕು ಅಂತ ಅಲ್ಲ. ತಾವು ಮಾಡುವ ಗೇಮ್‌ಗೆ ಯಾವ ಕೆಲಸ ಜಾಸ್ತಿಯೋ ಆ ಕೆಲಸವನ್ನು ಹಗುರ ಮಾಡಿಕೊಳ್ಳಬೇಕು ಅಂತ.

ಹಾಗಾದರೆ ಬಿಟ್ಟದ್ದೇಕೆ? ಡಿಸೆಂಬರ್ 2020ರಲ್ಲಿ ಸೈಬರ್‌ಪಂಕ್ 2077 ಬಂತು. ಒಳ್ಳೆಯ ಪಿಸಿಯಲ್ಲಿ ಬೆರಗು ಹುಟ್ಟಿಸುವಂತಿತ್ತು. ಪಿಎಸ್4, ಎಕ್ಸ್‌ಬಾಕ್ಸ್ ಒನ್ ಅನ್ನುವ ಹಳೆಯ ಕನ್ಸೋಲ್‌ಗಳಲ್ಲಿ ಆಡುವ ಹಾಗಿರಲಿಲ್ಲ. ಹತ್ತು ದಿನ ತುಂಬುವ ಮೊದಲೇ ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದುಹಾಕಿತು. ಮತ್ತೆ ಅಲ್ಲಿ ಸಿಕ್ಕಿದ್ದು ಜೂನ್ 2021ರಲ್ಲಿ. ಆ ಜನವರಿಯಲ್ಲಿ ಕಂಪನಿಯ ಸಹಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ ವಿಡಿಯೊದಲ್ಲಿ ಕ್ಷಮೆ ಕೇಳಿ, ತೊಡಕು ಎಲ್ಲಿತ್ತು ಅಂತ ಹೇಳಿದರು. ಸ್ಟ್ರೀಮಿಂಗ್‌ನಲ್ಲಿ. ಅಂದರೆ ಇಷ್ಟು: ದೊಡ್ಡ ಊರನ್ನು ಪೂರ್ತಿ ಮೆಮೊರಿಯಲ್ಲಿ ಇಡಲು ಆಗುವುದಿಲ್ಲ. ಆಟಗಾರ ಮುಂದೆ ಹೋದ ಹಾಗೆ ಮುಂದಿನ ಬೀದಿಯನ್ನು ಡಿಸ್ಕ್‌ನಿಂದ ತಂದು, ಹಿಂದಿನ ಬೀದಿಯನ್ನು ಬಿಟ್ಟುಬಿಡಬೇಕು. ಹಳೆಯ ಕನ್ಸೋಲ್‌ಗಳಲ್ಲಿ ಇದ್ದದ್ದು ತಿರುಗುವ ಹಾರ್ಡ್‌ಡಿಸ್ಕ್. ವಿಚರ್‌ನಲ್ಲಿ ನಾಯಕ ಕುದುರೆ ಮೇಲೆ ಕಾಡುದಾರಿಯಲ್ಲಿ ಹೋಗುತ್ತಾನೆ. ಸೈಬರ್‌ಪಂಕ್‌ನಲ್ಲಿ ಕಾರು ನಗರದ ನಡುವೆ ಜೋರಾಗಿ ಓಡುತ್ತದೆ, ಬೀದಿ ತುಂಬ ಜನ, ಬೋರ್ಡ್, ಗಾಡಿ. ಅದೇ ಮನೆತನದ ಎಂಜಿನ್, ಹೊರೆ ಮಾತ್ರ ಬೇರೆ.

ಮಾರ್ಚ್ 2022ರಲ್ಲಿ ಅವರು ಮುಂದಿನ ವಿಚರ್ ಅನ್ನು ಅನ್‌ರಿಯಲ್ 5ರಲ್ಲಿ ಮಾಡುತ್ತೇವೆ ಅಂತ ಹೇಳಿದರು. ಸೈಬರ್‌ಪಂಕ್‌ಗೆ ಸೆಪ್ಟೆಂಬರ್ 2023ರಲ್ಲಿ ಬಂದ ಮುಂದುವರಿದ ಭಾಗ ಫ್ಯಾಂಟಮ್ ಲಿಬರ್ಟಿಯೇ ರೆಡ್‌ಎಂಜಿನ್‌ನ ಕೊನೆಯ ದೊಡ್ಡ ಕೆಲಸ. ಆ ಹೊತ್ತಿಗೆ ಎಂಜಿನ್ ಚೆನ್ನಾಗಿ ಹದಕ್ಕೆ ಬಂದಿತ್ತು ಅನ್ನುವುದನ್ನು ಮರೆಯಬಾರದು. ಹಾಗಾಗಿ "ಎಂಜಿನ್ ಕೆಟ್ಟದಿತ್ತು, ಬಿಟ್ಟರು" ಅನ್ನುವುದು ಅರ್ಧ ಸತ್ಯ. ಒಂದು ಗೇಮ್ ಮುಗಿಸಿ ಇನ್ನೊಂದು ಶುರು ಮಾಡುತ್ತಿದ್ದ ಕಂಪನಿ ಈಗ ಒಂದೇ ಸಲಕ್ಕೆ ಎರಡು ಮೂರು ಗೇಮ್ ಮಾಡಲು ಹೊರಟಿತ್ತು. ಪ್ರತಿ ಗೇಮ್‌ಗೂ ಎಂಜಿನ್ ಅನ್ನು ಅರ್ಧ ಕಿತ್ತು ಕಟ್ಟುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲು ನಿಮ್ಮ ಎಂಜಿನ್ ಕಲಿಸಬೇಕು, ಆಮೇಲೆ ಕೆಲಸ. ಅನ್‌ರಿಯಲ್ ಆದರೆ ಬಹಳ ಜನ ಅದನ್ನು ಕಲಿತೇ ಬಂದಿರುತ್ತಾರೆ.

ಇದರಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಜೂನ್ 2025ರಲ್ಲಿ ಅವರು ಅನ್‌ರಿಯಲ್ ಮಾಡುವ ಎಪಿಕ್ ಕಂಪನಿಯವರ ಜತೆ ಸೇರಿ ವಿಚರ್ 4ರ ಒಂದು ಡೆಮೊ ತೋರಿಸಿದರು. ಮಾಮೂಲಿ ಪಿಎಸ್5ರಲ್ಲಿ, ಸೆಕೆಂಡಿಗೆ 60 ಫ್ರೇಮ್. ಅದರ ಹಿಂದೆ ಇದ್ದ ಒಂದು ಭಾಗ, ದೊಡ್ಡ ಬಯಲನ್ನು ತಡವರಿಸದೆ ಬೇಗ ಲೋಡ್ ಮಾಡುವ ಹೊಸ ಸ್ಟ್ರೀಮಿಂಗ್ ವ್ಯವಸ್ಥೆ. ಎರಡೂ ಕಡೆಯವರು ಕೂಡಿ ಮಾಡಿದ್ದು. ಅದು ಅನ್‌ರಿಯಲ್ 5.6ರಲ್ಲಿ ಎಲ್ಲರಿಗೂ ಸಿಕ್ಕಿತು. ಸೈಬರ್‌ಪಂಕ್‌ನಲ್ಲಿ ಎಡವಿದ ಜಾಗದಲ್ಲೇ ಅವರು ಕಲಿತದ್ದು ಈಗ ಬೇರೆಯವರಿಗೂ ಕೆಲಸಕ್ಕೆ ಬರುತ್ತಿದೆ. ಎಂಜಿನ್ ಬಿಟ್ಟರೂ ಎಂಜಿನ್ ಬರೆದ ಜನರ ತಿಳಿವಳಿಕೆ ಬಿಟ್ಟುಹೋಗಲಿಲ್ಲ.

ಒಂದು ಗೇಮ್‌ಗೆ ಹೊಲಿದ ಎಂಜಿನ್ ಇನ್ನೊಂದಕ್ಕೆ ಹೊಂದದೆ ಹೋಗುವುದು ಹೇಗೆ ಅಂತ ನೋಡಬೇಕಾದರೆ ಫ್ರಾಸ್ಟ್‌ಬೈಟ್ ನೋಡಿ. ಸ್ಟಾಕ್‌ಹೋಮ್‌ನ ಡೈಸ್ ಸ್ಟುಡಿಯೋ ಅದನ್ನು ಬ್ಯಾಟಲ್‌ಫೀಲ್ಡ್ ಗೇಮ್‌ಗಳಿಗಾಗಿ ಮಾಡಿತು. ಮೊದಲು ಬಂದದ್ದು 2008ರಲ್ಲಿ. ದೊಡ್ಡ ಮೈದಾನ, ಬಂದೂಕು, ಉರುಳುವ ಗೋಡೆ, ಇದಕ್ಕೆ ಅದು ಹೇಳಿ ಮಾಡಿಸಿದ್ದು. ಆಮೇಲೆ ಮಾಲೀಕ ಕಂಪನಿ ಇಎಯ ಬೇರೆ ಸ್ಟುಡಿಯೋಗಳೂ ಅದಕ್ಕೇ ಬಂದವು. ಬಯೋವೇರ್‌ನವರು ಅದರಲ್ಲಿ ಡ್ರ್ಯಾಗನ್ ಏಜ್ ಮಾಡಲು ಕೂತಾಗ ಅವರಿಗೆ ಬೇಕಾದ ಎಷ್ಟೋ ಸಾಮಾನು ಅಲ್ಲಿ ಇರಲಿಲ್ಲ. ಶೂಟಿಂಗ್ ಗೇಮ್‌ನಲ್ಲಿ ಚೀಲ ತುಂಬ ಕತ್ತಿ, ಗುರಾಣಿ ಹೊತ್ತು ತಿರುಗುವುದಿಲ್ಲ. ಹಾಗಾಗಿ ಇನ್ವೆಂಟರಿ ಇಲ್ಲ. ನಾಲ್ಕು ಜನರ ತಂಡವನ್ನು ನಡೆಸುವ ವ್ಯವಸ್ಥೆ ಇಲ್ಲ. ಕಥೆಯ ನಡುವೆ ಎಲ್ಲಿ ಬೇಕಾದರೂ ಸೇವ್ ಮಾಡಿ ಮತ್ತೆ ಅಲ್ಲಿಂದಲೇ ಎದ್ದೇಳುವ ವ್ಯವಸ್ಥೆ ಇಲ್ಲ. ಎಲ್ಲ ಅವರೇ ಬರೆದರು. 2014ರ ಡ್ರ್ಯಾಗನ್ ಏಜ್ ಇನ್‌ಕ್ವಿಸಿಷನ್ ಹಾಗೂ ಹೀಗೂ ದಡ ಸೇರಿ ಹೆಸರೂ ಮಾಡಿತು. ಅವರದೇ 2017ರ ಮಾಸ್ ಎಫೆಕ್ಟ್ ಆಂಡ್ರೊಮಿಡಾ, 2019ರ ಆಂಥೆಮ್ ಅಷ್ಟು ಸುಲಭವಾಗಿ ಸೇರಲಿಲ್ಲ. ಮುಂದಿನ ಮಾಸ್ ಎಫೆಕ್ಟ್ ಅನ್‌ರಿಯಲ್‌ನಲ್ಲಿ ಆಗುತ್ತಿದೆ. ಅದೇ ಫ್ರಾಸ್ಟ್‌ಬೈಟ್ 2025ರ ಬ್ಯಾಟಲ್‌ಫೀಲ್ಡ್ 6ರಲ್ಲಿ ತನ್ನ ತವರಿನಲ್ಲಿ ಗಟ್ಟಿಯಾಗಿ ನಿಂತಿದೆ.

ಬೆಂಗಳೂರಿಗೂ ಇಂಥದ್ದೊಂದು ಕಥೆಯ ತುದಿ ತಾಗುತ್ತದೆ. ನಮ್ಮಲ್ಲಿ ಗೇಮ್ ಕೆಲಸಕ್ಕೆ ದಾರಿ ಹಾಕಿಕೊಟ್ಟದ್ದು 1997ರಲ್ಲಿ ರಾಜೇಶ್ ರಾವ್ ಶುರು ಮಾಡಿದ ಧ್ರುವ ಇಂಟರಾಕ್ಟಿವ್. ಹೊರದೇಶದ ದೊಡ್ಡ ಗೇಮ್‌ಗಳಿಗೆ ಅಲ್ಲಿನ ಆರ್ಟಿಸ್ಟ್‌ಗಳು ಕಾರು, ಕಟ್ಟಡ, ಪಾತ್ರಗಳನ್ನು ಮಾಡಿಕೊಟ್ಟರು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನು ಕೊಂಡಿತು. ಅದೇ ಸ್ಟಾರ್‌ಬ್ರೀಜ್ 2015ರಲ್ಲಿ ವಾಲ್‌ಹಲ್ಲಾ ಅನ್ನುವ ಎಂಜಿನ್ ಕೊಂಡಿತ್ತು. ತನ್ನ ವಾಕಿಂಗ್ ಡೆಡ್ ಗೇಮ್ ಅನ್ನು ಅದರಲ್ಲಿ ಮಾಡಲು ಹೊರಟಿತು. ಎಂಜಿನ್ ಪಳಗಲಿಲ್ಲ. ಟೂಲ್‌ಗಳು ಕೈಗೆ ಬಗ್ಗಲಿಲ್ಲ. ನಡುದಾರಿಯಲ್ಲಿ ಅದನ್ನು ಬಿಟ್ಟು ಅನ್‌ರಿಯಲ್‌ನಲ್ಲಿ ಮತ್ತೆ ಕಟ್ಟಿದರು. ನವೆಂಬರ್ 2018ರಲ್ಲಿ ಬಂದ ಗೇಮ್ ಓಡಲಿಲ್ಲ. ಮರುತಿಂಗಳೇ ಕಂಪನಿ ಸಾಲಗಾರರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. 2019ರಲ್ಲಿ ಧ್ರುವವನ್ನು ಜಿಟಿಎ ಗೇಮ್‌ಗಳ ರಾಕ್‌ಸ್ಟಾರ್‌ಗೆ ಮಾರಿತು. ಎಂಜಿನ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆ ಕಂಪನಿ ಅದೇ ಹೊತ್ತಿಗೆ ಬಹಳ ಕಡೆ ಕೈ ಚಾಚಿತ್ತು. ಆದರೂ ಸ್ಟಾಕ್‌ಹೋಮ್‌ನಲ್ಲಿ ತಪ್ಪಿದ ಒಂದು ಎಂಜಿನ್ ಲೆಕ್ಕದ ಬಿಸಿ ಬೆಂಗಳೂರಿನ ತನಕ ಬಂತು ಅನ್ನುವುದು ನನ್ನನ್ನು ಕಾಡುತ್ತದೆ.

ಇಷ್ಟು ಓದಿ ನಿಮ್ಮ ಗೆಳತಿಯೇ ಗೆದ್ದಳು ಅಂದುಕೊಳ್ಳಬೇಡಿ. ಈಗ ಗೆಳೆಯನ ಪರ ಮಾತಾಡುತ್ತೇನೆ.

ಧ್ರುವವನ್ನು ಕೊಂಡ ರಾಕ್‌ಸ್ಟಾರ್ ತನ್ನದೇ ಎಂಜಿನ್ ಇಟ್ಟುಕೊಂಡಿದೆ, ಹೆಸರು ರೇಜ್. ಅದು ಹುಟ್ಟಿದ ಹಿನ್ನೆಲೆ ನೋಡಿ. 2001ರ ಜಿಟಿಎ 3, ಆಮೇಲಿನ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಇವೆಲ್ಲ ರೆಂಡರ್‌ವೇರ್ ಮೇಲೆ ಓಡುತ್ತಿದ್ದವು. ಅದನ್ನು ಮಾಡಿದ್ದು ಕ್ರೈಟೀರಿಯನ್ ಅನ್ನುವ ಇಂಗ್ಲೆಂಡಿನ ಕಂಪನಿ. ಆ ಕಾಲದಲ್ಲಿ ಎಷ್ಟೋ ಸ್ಟುಡಿಯೋಗಳು ಅದನ್ನೇ ಬಾಡಿಗೆಗೆ ತರುತ್ತಿದ್ದವು. 2004ರಲ್ಲಿ ಇಎ ಬಂದು ಕ್ರೈಟೀರಿಯನ್ ಅನ್ನೇ ಕೊಂಡಿತು. ನಿಮ್ಮ ಗೇಮ್‌ನ ಅಡಿಪಾಯ ರಾತ್ರೋರಾತ್ರಿ ನಿಮ್ಮ ಎದುರಾಳಿಯ ಕೈಯಲ್ಲಿ! 2006ರಲ್ಲಿ ಒಂದು ಟೇಬಲ್ ಟೆನಿಸ್ ಗೇಮ್‌ನಲ್ಲಿ ರೇಜ್ ಮೊದಲು ಹೊರಬಂತು, 2008ರ ಜಿಟಿಎ 4ಕ್ಕೆ ಅದೇ ಬೆನ್ನೆಲುಬಾಯಿತು.

ಇತ್ತೀಚಿನದು ಬೇಕೆಂದರೆ ಯೂನಿಟಿ ಅನ್ನುವ ತಯಾರು ಎಂಜಿನ್. ಸೆಪ್ಟೆಂಬರ್ 2023ರಲ್ಲಿ ಅವರು ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ದುಡ್ಡು ಕಟ್ಟಬೇಕು ಅಂದರು. ವರ್ಷಗಟ್ಟಲೆ ಅದನ್ನೇ ನಂಬಿ ಕೆಲಸ ಮಾಡಿದ ಚಿಕ್ಕ ತಂಡಗಳ ನಿದ್ದೆ ಹಾರಿಹೋಯಿತು. ಗಲಾಟೆಯಾದ ಮೇಲೆ ಮೊದಲು ಸಡಿಲಿಸಿದರು, ಒಂದು ವರ್ಷದ ನಂತರ ಪೂರ್ತಿ ಕೈಬಿಟ್ಟರು. ಆದರೆ ಒಡೆದ ನಂಬಿಕೆ ಸುಲಭಕ್ಕೆ ಕೂಡುವುದಿಲ್ಲ. ಆಗ ಗೊಡೋ ಕಡೆಗೆ ಬಹಳ ಜನ ತಿರುಗಿದರು. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಎಂಜಿನ್ ಅದು. ಎಂಐಟಿ ಲೈಸೆನ್ಸ್, ಅಂದರೆ ಕೋಡ್ ನಿಮ್ಮ ಕೈಯಲ್ಲೇ ಇರುತ್ತದೆ, ಯಾರಿಗೂ ಪಾಲು ಕೊಡಬೇಕಿಲ್ಲ. ಟೆರೇರಿಯಾ ಗೇಮ್ ಮಾಡಿದ ರೀ-ಲಾಜಿಕ್ ಕಂಪನಿ ಆಗ ಗೊಡೋಗೂ ಎಫ್‌ಎನ್‌ಎ ಅನ್ನುವ ಇನ್ನೊಂದು ಮುಕ್ತ ಯೋಜನೆಗೂ ತಲಾ 1 ಲಕ್ಷ ಡಾಲರ್ ಕೊಟ್ಟಿತು. ಇನ್ನು ಅನ್‌ರಿಯಲ್: ಒಂದು ಗೇಮ್‌ನ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಅದರ ಮೇಲಿನ ಗಳಿಕೆಯಲ್ಲಿ ಸಾಮಾನ್ಯವಾಗಿ 5 ಶೇಕಡಾ ಅವರಿಗೆ. ದೊಡ್ಡ ಗೇಮ್‌ಗೆ ಇದು ಸಣ್ಣ ದುಡ್ಡಲ್ಲ.

ಜಪಾನಿನ ಕ್ಯಾಪ್ಕಾಮ್ ದಾರಿಯೂ ಕಲಿಯುವಂಥದ್ದು. ಅವರ ಆರ್‌ಇ ಎಂಜಿನ್ 2017ರ ರೆಸಿಡೆಂಟ್ ಈವಿಲ್ 7ರ ಜತೆ ಬಂತು. ಇಕ್ಕಟ್ಟಾದ ಕೋಣೆ, ಕತ್ತಲೆ, ಹತ್ತಿರದಿಂದ ಕಾಣುವ ಮುಖ. ಆಮೇಲೆ ಅದರಲ್ಲೇ ಡೆವಿಲ್ ಮೇ ಕ್ರೈ 5, ಸ್ಟ್ರೀಟ್ ಫೈಟರ್ 6, ನಿಂಟೆಂಡೋ ಸ್ವಿಚ್‌ಗೆ ಮಾನ್‌ಸ್ಟರ್ ಹಂಟರ್ ರೈಸ್ ಎಲ್ಲ ಮಾಡಿದರು. ಒಂದು ತಂಡದಿಂದ ಇನ್ನೊಂದಕ್ಕೆ ಹೋದವರು ಹೊಸದಾಗಿ ಏನೂ ಕಲಿಯಬೇಕಿಲ್ಲ. ಆದರೆ 2024ರ ಡ್ರ್ಯಾಗನ್ಸ್ ಡಾಗ್ಮಾ 2, 2025ರ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಅನ್ನುವ ವಿಶಾಲ ಬಯಲಿನ ಗೇಮ್‌ಗಳಲ್ಲಿ ಪಿಸಿಯವರು ಏದುಸಿರು ಬಿಟ್ಟರು. ಮತ್ತೆ ಅದೇ ಮಾತು. ಎಂಜಿನ್‌ಗೂ ತವರು ಇರುತ್ತದೆ.

ಡೆಸಿಮಾ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಗೆರಿಲ್ಲಾ ಗೇಮ್ಸ್‌ನವರ ಎಂಜಿನ್ ಅದು, 2017ರ ಹೊರೈಜನ್ ಝೀರೋ ಡಾನ್ ಅದರಲ್ಲೇ ಆಗಿದ್ದು. ಜಪಾನಿನ ಹೆಸರಾಂತ ಗೇಮ್ ಡೈರೆಕ್ಟರ್ ಹಿಡಿಯೊ ಕೊಜಿಮಾ ಕೊನಾಮಿ ಕಂಪನಿ ಬಿಟ್ಟು ಬಂದಾಗ, ಅಲ್ಲಿ ತಮ್ಮ ತಂಡ ಕಟ್ಟಿದ ಫಾಕ್ಸ್ ಎಂಜಿನ್ ಅನ್ನೂ ಬಿಟ್ಟು ಬರಬೇಕಾಯಿತು. ಎಂಜಿನ್ ಕಂಪನಿಯ ಆಸ್ತಿ. ಕೊನಾಮಿ ಅದನ್ನು ಕೆಲ ವರ್ಷ ಫುಟ್‌ಬಾಲ್ ಗೇಮ್‌ಗೆ ಬಳಸಿ, ಆಮೇಲೆ ಅದನ್ನೂ ಅನ್‌ರಿಯಲ್‌ಗೆ ಒಯ್ದಿತು. ಬರಿಗೈಲಿ ಎಂಜಿನ್ ಹುಡುಕುತ್ತಾ ಹೊರಟ ಕೊಜಿಮಾ ಗೆರಿಲ್ಲಾಕ್ಕೂ ಹೋದರು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅಲ್ಲಿಯವರು ತಮ್ಮ ಎಂಜಿನ್‌ನ ಪೂರ್ತಿ ಸೋರ್ಸ್ ಕೋಡ್ ಅನ್ನು ಪೆಟ್ಟಿಗೆಯಲ್ಲಿಟ್ಟು ಅವರ ಕೈಗೆ ಕೊಟ್ಟರು. 2019ರ ಡೆತ್ ಸ್ಟ್ರ್ಯಾಂಡಿಂಗ್ ಹುಟ್ಟಿದ್ದು ಹಾಗೆ. ಡೆಸಿಮಾ ಅನ್ನುವ ಹೆಸರು ಬಂದದ್ದು ನಾಗಸಾಕಿಯ ದೆಜಿಮಾ ಅನ್ನುವ ಪುಟ್ಟ ದ್ವೀಪದಿಂದ. ಹಿಂದೆ ಡಚ್ಚರೂ ಜಪಾನೀಯರೂ ವ್ಯಾಪಾರ ಮಾಡುತ್ತಿದ್ದ ಜಾಗ ಅದು. ಫ್ರಾಸ್ಟ್‌ಬೈಟ್‌ಗೆ ಆಗದ್ದು ಇಲ್ಲಿ ಆಯಿತು. ಎರಡೂ ಕಡೆ ವಿಶಾಲ ಬಯಲಿನ ಗೇಮ್, ಅಂದರೆ ಹೊರೆ ಒಂದೇ ಥರದ್ದು. ಜತೆಗೆ ಕೊಜಿಮಾ ತಂಡದವರು ಎಂಜಿನ್ ಬರೆದವರ ಪಕ್ಕದಲ್ಲೇ ಕೂತು ಕೆಲಸ ಮಾಡಲು ಆಮ್‌ಸ್ಟರ್‌ಡ್ಯಾಮ್‌ಗೇ ಹೋದರು.

ದೊಡ್ಡವರ ಮಾತು ಸಾಕು. ನಿಮ್ಮ ಅಳತೆಗೆ ಹತ್ತಿರದವರು ಬೇರೆ ಇದ್ದಾರೆ.

ಪ್ರಾಗ್‌ನ ವೂಬ್ ತಂಡದ ಫ್ಯಾಕ್ಟೋರಿಯೋ ಆಡಿದ್ದೀರಾ? ಕಾರ್ಖಾನೆ ಕಟ್ಟುವ ಗೇಮ್. ಬೆಲ್ಟ್‌ಗಳ ಮೇಲೆ ಲಕ್ಷಗಟ್ಟಲೆ ಸಾಮಾನು ಹರಿಯುತ್ತಿರುತ್ತದೆ. ಪ್ರತಿ ಸಾಮಾನನ್ನೂ ಪ್ರತಿ ಫ್ರೇಮ್‌ನಲ್ಲಿ ಸರಿಸುತ್ತಾ ಕೂತರೆ ಯಾವ ಕಂಪ್ಯೂಟರೂ ಸಾಲದು. ಅವರು ಒಂದು ಉಪಾಯ ಮಾಡಿದರು. ಸಾಮಾನು ಎಲ್ಲಿದೆ ಅಂತ ಬರೆದಿಡುವ ಬದಲು ಒಂದಕ್ಕೂ ಅದರ ಮುಂದಿನದಕ್ಕೂ ಎಷ್ಟು ಅಂತರ ಅಂತ ಬರೆದಿಟ್ಟರು. ಬೆಲ್ಟ್ ಸರಾಗವಾಗಿ ಓಡುವಾಗ ನಡುವಿನ ಅಂತರಗಳು ಬದಲಾಗುವುದೇ ಇಲ್ಲ. ತುದಿಯ ಒಂದು ಸಂಖ್ಯೆ ಬದಲಿಸಿದರೆ ಇಡೀ ಸಾಲು ಸರಿದಂತೆ! ನೆಟ್‌ವರ್ಕ್‌ನಲ್ಲೂ ಹಾಗೇ. ಅಷ್ಟೂ ಸಾಮಾನಿನ ಸುದ್ದಿ ಕಳಿಸುವುದಿಲ್ಲ, ಆಟಗಾರರು ಒತ್ತಿದ್ದನ್ನು ಮಾತ್ರ ಕಳಿಸುತ್ತಾರೆ. ಎಲ್ಲ ಕಂಪ್ಯೂಟರ್‌ಗಳೂ ಅದೇ ಲೆಕ್ಕವನ್ನು ಚಾಚೂ ತಪ್ಪದೆ ಮಾಡುತ್ತವೆ.

ಹೆಲ್ಸಿಂಕಿಯ ನೋಲ್ಲಾ ಗೇಮ್ಸ್‌ನವರ ನೋಯ್ಟಾ ನಿಮ್ಮ ಗೇಮ್‌ಗೆ ಇನ್ನೂ ಹತ್ತಿರ. ಅಲ್ಲಿ ಪರದೆಯ ಪ್ರತಿ ಪಿಕ್ಸೆಲ್ ಒಂದು ವಸ್ತು. ಮರಳು ಉದುರುತ್ತದೆ, ನೀರು ಹರಿಯುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆ. ಮೂಲ ನಿಯಮ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಮರಳಿನ ಕಣದ ಕೆಳಗೆ ಖಾಲಿ ಇದ್ದರೆ ಬೀಳು, ಇಲ್ಲದಿದ್ದರೆ ಓರೆಯಾಗಿ ಜಾರು. ನೀರಾದರೆ ಪಕ್ಕಕ್ಕೂ ಸರಿ. ಕಷ್ಟ ಇರುವುದು ವೇಗದಲ್ಲಿ. ಅದಕ್ಕೆ ಅವರು ಲೋಕವನ್ನು 64ಕ್ಕೆ 64ರ ತುಂಡುಗಳಾಗಿ ಮಾಡಿ, ಏನಾದರೂ ಅಲುಗಾಡುತ್ತಿರುವ ಭಾಗವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಸುಮ್ಮನೆ ಕೂತ ಬಂಡೆಗೆ ಯಾಕೆ ಕೆಲಸ? ಇಂಥ ಗೇಮ್ ಅನ್ನು ತಯಾರು ಎಂಜಿನ್‌ನಲ್ಲಿ ನೇರವಾಗಿ ಮಾಡಲು ಹೋದರೆ ಹೆಜ್ಜೆಹೆಜ್ಜೆಗೂ ಅದರ ಜತೆ ಗುದ್ದಾಡಬೇಕಾಗುತ್ತದೆ. ಇವರಿಬ್ಬರಿಗೂ ಎಂಜಿನ್ ಬರೆಯುವುದೇ ಗೇಮ್ ಬರೆಯುವ ಕೆಲಸವಾಗಿತ್ತು. ಎರಡನ್ನೂ ಬೇರೆ ಮಾಡಲು ಆಗುತ್ತಿರಲಿಲ್ಲ.

ಈಗ ನಿಮ್ಮ ತೋಟಕ್ಕೆ ಬರೋಣ.

ನಿಮ್ಮ ಗೇಮ್‌ನಲ್ಲಿ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಭಾಗ ಯಾವುದು? ಮೆನು ಅಲ್ಲ. ಮರದ ಚಿತ್ರ ಅಲ್ಲ. ಮಳೆಯ ಸದ್ದೂ ಅಲ್ಲ. ಇವನ್ನೆಲ್ಲ ಗೇಮ್‌ಗೆ ಸೇರಿಸುವ ಸಲಕರಣೆ ಗೊಡೋದಲ್ಲಿ ತಯಾರು ಸಿಗುತ್ತದೆ. ನಿಮ್ಮದೇ ಆಗಿರುವುದು ನೀರು ಮತ್ತು ಮಣ್ಣು. ಆಟಗಾರ ಗುದ್ದಲಿ ಹಾಕಿದ ಕಡೆ ನೀರು ನಂಬುವ ಹಾಗೆ ತಿರುಗಬೇಕು. ಆ ಭಾಗವನ್ನು ನೀವೇ ಬರೆಯಿರಿ. ಮಿಕ್ಕಿದ್ದನ್ನು ಗೊಡೋಗೆ ಬಿಡಿ. ಸ್ವಂತ ಎಂಜಿನ್ ಬೇಕು ಅನ್ನುವ ನಿಮ್ಮ ಗೆಳೆಯನಿಗೆ ಮನಸಾರೆ ಮಾಡುವ ಕೆಲಸ ಇಲ್ಲಿ ಬೇಕಾದಷ್ಟಿದೆ.

ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ತೋಟವನ್ನು ಮೇಲಿನಿಂದ ನೋಡಿದ ಹಾಗೆ ಚೌಕಗಳಾಗಿ ಮಾಡಿ. 256ಕ್ಕೆ 256 ಇಟ್ಟುಕೊಂಡರೆ 65,536 ಚೌಕ. ಪ್ರತಿ ಚೌಕಕ್ಕೂ ಎರಡು ಸಂಖ್ಯೆ: ಮಣ್ಣಿನ ಎತ್ತರ, ಅದರ ಮೇಲೆ ನಿಂತ ನೀರಿನ ಎತ್ತರ. ಎರಡನ್ನೂ ಕೂಡಿದರೆ ನೀರಿನ ಮಟ್ಟ. ಪಕ್ಕದ ಚೌಕದ ಮಟ್ಟ ಕಡಿಮೆ ಇದ್ದರೆ ಅಲ್ಲಿಗೆ ಸ್ವಲ್ಪ ನೀರು ಹರಿಸಿ. ಗುದ್ದಲಿ ಅಂದರೆ ಮಣ್ಣಿನ ಎತ್ತರ ಇಳಿಸುವುದು, ಒಡ್ಡು ಅಂದರೆ ಏರಿಸುವುದು. ಇಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ. ಮೊದಲನೆಯದು, ಓದುವುದಕ್ಕೂ ಬರೆಯುವುದಕ್ಕೂ ಒಂದೇ ಪಟ್ಟಿ ಬಳಸುವುದು. ಹಾಗೆ ಮಾಡಿದರೆ ಲೆಕ್ಕ ಮಾಡಿದ ದಿಕ್ಕಿಗೇ ನೀರು ಓಡುತ್ತದೆ. ಹಳೆಯ ಪಟ್ಟಿಯಿಂದ ಓದಿ, ಹೊಸ ಪಟ್ಟಿಗೆ ಬರೆಯಿರಿ, ಆಮೇಲೆ ಅದಲುಬದಲು ಮಾಡಿ. ಎರಡನೆಯದು, ಒಂದು ಚೌಕದಲ್ಲಿ ಇರುವುದಕ್ಕಿಂತ ಜಾಸ್ತಿ ನೀರನ್ನು ನಾಲ್ಕು ಕಡೆಗೂ ಹಂಚಿಬಿಡುವುದು. ಒಟ್ಟು ನೀರನ್ನು ಆಗಾಗ ಕೂಡಿ ನೋಡಿ. ಸುರಿದ ಮಳೆ, ಹೊರಗೆ ಹರಿದದ್ದು, ಇಂಗಿದ್ದು ಎಲ್ಲ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಲ್ಲೋ ಬಗ್ ಇದೆ.

ಈ ಲೆಕ್ಕವನ್ನು ಫ್ರೇಮ್ ವೇಗಕ್ಕೆ ಕಟ್ಟಬೇಡಿ. ಸ್ಕೈರಿಮ್ ಅನ್ನುವ ಗೇಮ್ ಅನ್ನು ಸೆಕೆಂಡಿಗೆ 60 ಫ್ರೇಮ್‌ಗಿಂತ ಮೇಲೆ ಓಡಿಸಿದವರು ಮೇಜಿನ ಮೇಲಿನ ತಟ್ಟೆ ಲೋಟ ತಾವಾಗಿಯೇ ಹಾರುವುದನ್ನು ನೋಡಿರುತ್ತಾರೆ. ವಸ್ತುಗಳ ಚಲನೆಯ ಲೆಕ್ಕ ಅಲ್ಲಿ ಫ್ರೇಮ್‌ಗೆ ಕಟ್ಟಿಕೊಂಡಿತ್ತು. ನೀವು ಸೆಕೆಂಡಿಗೆ ಸರಿಯಾಗಿ 30 ಸಲ ನೀರಿನ ಲೆಕ್ಕ ಮಾಡಿ, ಪರದೆ ಎಷ್ಟೇ ವೇಗವಾಗಿ ಓಡಲಿ. ಅಂದರೆ ಸೆಕೆಂಡಿಗೆ ಸುಮಾರು 20 ಲಕ್ಷ ಚೌಕ. ಗೊಡೋದ ಸ್ವಂತ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದರೆ ಇದು ತೆವಳುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು, ಹೊರಗಿನ ಕೋಡ್ ಅನ್ನು ಗೊಡೋಗೆ ಜೋಡಿಸುವ ಜಿಡಿ-ಎಕ್ಸ್‌ಟೆನ್ಷನ್ ಮೂಲಕ ಸೇರಿಸಿದರೆ ಇವತ್ತಿನ ಲ್ಯಾಪ್‌ಟಾಪ್‌ಗೆ ಭಾರವೇ ಅಲ್ಲ. ಇನ್ನೂ ವೇಗ ಬೇಕಾದರೆ ನೋಯ್ಟಾದವರ ಉಪಾಯ ಇದ್ದೇ ಇದೆ: ನೀರು ಅಲುಗಾಡದ ತುಂಡನ್ನು ಬಿಟ್ಟುಬಿಡಿ. ಈ ಕೋಡ್ ಗೊಡೋದ ಬೇರೆ ಯಾವುದನ್ನೂ ಮುಟ್ಟದ ಹಾಗೆ ಪ್ರತ್ಯೇಕವಾಗಿಡಿ. ನಾಳೆ ಗೊಡೋ ಬೇಡ ಅನ್ನಿಸಿದರೂ ನೀರು ನಿಮ್ಮ ಜತೆಯೇ ಬರುತ್ತದೆ.

ಮುಂದಿನ ನಾಲ್ಕು ವಾರಾಂತ್ಯ ಇಷ್ಟೇ ಮಾಡಿ. ಬಣ್ಣದ ಚೌಕಗಳು ಸಾಕು, ಚಿತ್ರ ಬೇಡ. ಒಂದು ಇಳಿಜಾರು, ಮೇಲಿನಿಂದ ಮಳೆ, ಕೈಯಲ್ಲಿ ಒಂದು ಗುದ್ದಲಿ. ಅದನ್ನು ಊರಿಗೆ ಹೋದಾಗ ತೋಟದಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರ ಕೈಗೆ ಕೊಟ್ಟು ನೋಡಿ. "ನೀರು ಹೀಗೆ ಹೋಗಲ್ಲ ಮಾರಾಯ" ಅಂತ ಅವರು ಎಲ್ಲಿ ಅನ್ನುತ್ತಾರೋ ಅಲ್ಲಿ ತಿದ್ದಿ. ಹಾಂ, ತೋಟದ ನಕ್ಷೆಯನ್ನು ಫೈಲಿಗೆ ಬರೆಯುವ ಮೊದಲ ದಿನವೇ ಅದರ ತಲೆಯಲ್ಲಿ ಆವೃತ್ತಿ ಸಂಖ್ಯೆ 1 ಅಂತ ಹಾಕಿಬಿಡಿ.